ಪ್ರೈಮರ್ ಹಚ್ಚುವ ಮೊದಲು ಗೋಡೆ ಮುಟ್ಟಿ ನೋಡಿ

ಗೋಡೆ ನಯವಾಗಲೆಂದು ಬಳಿದು, ಉಜ್ಜಿ ಮುಗಿಸಿದ ಪುಟ್ಟಿಯ ಮೇಲೆ ಅಂಗೈ ಒತ್ತಿ ಎಳೆಯಿರಿ. ಕೈ ಬೆಳ್ಳಗಾದರೆ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ತಳಪದರ) ಡಬ್ಬಿ ಇನ್ನೂ ತೆರೆಯಬೇಡಿ. ಆ ಪುಡಿಯ ಮೇಲೆ ಹಚ್ಚಿದ ಪ್ರೈಮರ್ ಅಂಟುವುದು ಪುಡಿಗೆ, ಗೋಡೆಗಲ್ಲ. ಮುಂದೊಂದು ದಿನ ಗೋಡೆಗೆ ಹಚ್ಚಿದ ಟೇಪ್ ಕಿತ್ತರೆ ಬಣ್ಣವೂ ಅದರ ಜೊತೆಗೇ ಹಾಳೆ ಹಾಳೆಯಾಗಿ ಬರುತ್ತದೆ. ಒಣ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಗುಡಿಸಿ, ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬೇಸರದ ಕೆಲಸ ನಿಜ, ಆದರೆ ಬಣ್ಣ ನಿಲ್ಲುವುದು ಇದರ ಮೇಲೆಯೇ.

ಪ್ರೈಮರ್ ಬೇಕೇ ಎಂಬ ಅನುಮಾನವಿದ್ದರೆ ಒಂದಿಷ್ಟು ನೀರು ಚಿಮುಕಿಸಿ. ಹನಿ ಜಾರದೆ ತಟ್ಟನೆ ಒಳಗಿಳಿದು ಕಲೆಯಾದರೆ, ಬಣ್ಣದ ನೀರನ್ನೂ ಗೋಡೆ ಹಾಗೆಯೇ ಕುಡಿಯುತ್ತದೆ; ಪ್ರೈಮರ್ ಬೇಕೇ ಬೇಕು. ಇಲ್ಲವಾದರೆ ಪುಟ್ಟಿ ತೇಪೆ ಹಾಕಿದಲ್ಲಿ ಮಂಕು, ಹಳೆ ಬಣ್ಣ ಉಳಿದಲ್ಲಿ ಹೊಳಪು. ದೀಪ ಹಾಕಿದ ಕೂಡಲೇ ತೇಪೆಗಳೆಲ್ಲ ಎದ್ದು ಕಾಣುತ್ತವೆ.

ಹೊಸ ಸಿಮೆಂಟ್ ಗಾರೆಗೆ 28 ದಿನವಾದರೂ ಬಿಡುವು ಕೊಡಿ. ಹಸಿ ಗಾರೆಯ ಪಿಎಚ್ (ಕ್ಷಾರದ ಅಳತೆ; 7 ದಾಟಿದರೆ ಕ್ಷಾರ) 12ರ ಮೇಲಿರುತ್ತದೆ, ಆ ಕ್ಷಾರಕ್ಕೆ ಎಣ್ಣೆ ಆಧಾರದ ಬಣ್ಣ ಸಾಬೂನಿನಂತಾಗಿ ಕಳಚುತ್ತದೆ. ಹಾಗಾಗಿ ಇಲ್ಲಿ ಕ್ಷಾರ ತಡೆಯುವ ಪ್ರೈಮರೇ ಆಗಬೇಕು. ಪಸೆ ಆರಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. 24 ಗಂಟೆಯ ಬಳಿಕ ಒಳಮೈ ಬೆವರಿದ್ದರೆ ಇನ್ನೂ ಕಾಯಬೇಕು.

ಡಬ್ಬಿಯ ಮೇಲೆ ಬರೆದಷ್ಟೇ ನೀರು ಬೆರೆಸಿ. ಸುಲಭವಾಗಿ ಹರಿಯಲೆಂದು ಹೆಚ್ಚು ಸುರಿದರೆ ಅಂಟಿನ ಅಂಶ ತೆಳುವಾಗಿ, ಒಣಗಿದ ಪ್ರೈಮರೇ ಪುಡಿಯಾಗಿ ಉದುರುತ್ತದೆ.

ಸೋರಿಕೆಯ ಕಂದು ಕಲೆಗೆ ನೀರಿನ ಪ್ರೈಮರ್ ಸಾಲದು. ಕಲೆ ಅದರಲ್ಲೇ ಕರಗಿ ಮೇಲೇರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಅರಗು ಅಥವಾ ಎಣ್ಣೆ ಆಧಾರದ ಪ್ರೈಮರ್ ಹಚ್ಚಿ. ಮರದ ಗಂಟುಗಳಿಗೂ ಅರಗಿನದೇ ಸರಿ, ಇಲ್ಲವಾದರೆ ರಾಳ ಒಸರಿ ಹಳದಿ ಮಚ್ಚೆ ಬೀಳುತ್ತದೆ. ಮರದ ಕೊಯ್ದ ತುದಿಗಳಿಗೆ ಎರಡು ಕೋಟ್ ಬೇಕು.

ಕಬ್ಬಿಣಕ್ಕೆ ತುಕ್ಕು ಕೆರೆದ ದಿನವೇ ರೆಡ್ ಆಕ್ಸೈಡ್ ಎಂಬ ಕೆಂಪು ಪ್ರೈಮರ್ ಹಚ್ಚಿ. ಸತುವಿನ ಲೇಪವಿರುವ ತಗಡಿಗೆ ಮಾತ್ರ ಅದನ್ನು ನೇರವಾಗಿ ಬಳಿಯಬೇಡಿ; ಅದರ ಎಣ್ಣೆ ಸತುವಿನೊಡನೆ ಸೇರಿ ಹಿಡಿತ ಬಿಡುತ್ತದೆ. ಅದಕ್ಕೆಂದೇ ಬೇರೆ ಪ್ರೈಮರ್ ಸಿಗುತ್ತದೆ.

ಪ್ರೈಮರ್ ಚೆನ್ನಾಗಿ ಒಣಗಿದ ಮೇಲೆ ಮೂಲೆಯಲ್ಲೊಂದು ಕಡೆ ಬ್ಲೇಡಿನಿಂದ ಅಡ್ಡಡ್ಡ ಗೀರಿ, ಟೇಪ್ ಒತ್ತಿ ಕೀಳಿ. ಪ್ರೈಮರಿನ ಬೆನ್ನಿಗೆ ಬಿಳಿ ಪುಡಿ ಅಂಟಿಕೊಂಡು ಬಂದರೆ ಒರೆಸಿದ್ದು ಸಾಲದಾಗಿದೆ. ಅದನ್ನು ಕೆರೆದು, ಒರೆಸಿ, ಮತ್ತೊಮ್ಮೆ ಹಚ್ಚಿ.