ರಟ್ಲೆಜ್ ಸಾಹೇಬ್ರ ಮನೇಲಿ ಅವ್ವನ ಜೊತೆ

ಅಮೆರಿಕ ಅಂದ್ರೆ ಬರೀ ಗಾಜಿನ ಬಿಲ್ಡಿಂಗು ಅಂದ್ಕೊಂಡಿರೋರು ಒಂದ್ಸಲ ಚಾರ್ಲ್ಸ್‌ಟನ್ ನೋಡ್ಬೇಕು. ಸೌತ್ ಕೆರೊಲಿನಾದಲ್ಲಿ ಸಮುದ್ರದ ದಡದಲ್ಲಿರೋ ಊರು, ನಾವಿರೋ ಷಾರ್ಲೆಟ್‌ನಿಂದ ಕಾರಲ್ಲಿ ಮೂರೂವರೆ ಗಂಟೆ ದಾರಿ. ಹಳೇ ಪೇಟೆ ಭಾಗದಲ್ಲಿ ತಲೆ ಎತ್ತಿದ್ರೆ ಹೆಚ್ಚುಕಮ್ಮಿ ಚರ್ಚ್ ಗೋಪುರಗಳೇ ಕಾಣೋದು. ಮನೆಗಳು ರಸ್ತೆಗೆ ಮುಖ ಕೊಡದೆ ಪಕ್ಕಕ್ಕೆ ತಿರುಗಿ ನಿಂತಿರ್ತವೆ, ಪಕ್ಕದುದ್ದಕ್ಕೂ ಜಗಲಿ, ಅದನ್ನ ಇಲ್ಲಿಯೋರು ಪಿಯಾಝಾ ಅಂತಾರೆ, ಸಮುದ್ರದ ಗಾಳಿ ಹಿಡಿಯೋಕೆ ಮಾಡ್ಕೊಂಡಿರೋದು. ಗೋಡೆ ಮೇಲೆ ಅಲ್ಲಲ್ಲಿ ಕಬ್ಬಿಣದ ದೊಡ್ಡ ಬಿಲ್ಲೆಗಳು ಕಾಣ್ತವೆ, ಡಿಸೈನ್ ಅಂದ್ಕೋಬೇಡಿ. 1886ರ ಆಗಸ್ಟ್ 31ಕ್ಕೆ ಇಲ್ಲಿ ಭಾರಿ ಭೂಕಂಪ ಆಗಿ ಊರೇ ಅಲ್ಲಾಡಿ ಹೋಗಿತ್ತು, ಆಮೇಲೆ ಬಾಯಿ ಬಿಟ್ಟ ಗೋಡೆಗಳನ್ನ ಒಳಗಿಂದ ಕಬ್ಬಿಣದ ಸರಳು ಹಾಕಿ ಬಿಗಿದಿದ್ದಾರೆ, ಆ ಸರಳಿನ ತುದಿಗೆ ಹಾಕಿರೋ ಬಿಲ್ಲೆ ಅದು.

ಊರಿಂದ ಅವ್ವ ಬಂದಿದ್ಲು. ನನ್ನ ಹೆಂಡ್ತಿ ಹೇಳಿದ್ಲು, ಎಲ್ಲಾರನ್ನೂ ನಯಾಗರಾಕ್ಕೆ ಕರ್ಕೊಂಡು ಹೋಗ್ತಾರೆ, ನಾವು ಅತ್ತೇನ ಒಂದು ಒಳ್ಳೇ ಹಳೇ ಮನೇಲಿ ಉಳಿಸೋಣ ಅಂತ. ಅವಳೇ ಹುಡುಕಿ ಬುಕ್ ಮಾಡಿದ್ದು ಬ್ರಾಡ್ ಸ್ಟ್ರೀಟ್‌ನ 116ನೇ ನಂಬರ್, ಜಾನ್ ರಟ್ಲೆಜ್ ಹೌಸ್ ಇನ್, ಇನ್ ಅಂದ್ರೆ ಉಳ್ಕೊಳ್ಳೋಕೆ ರೂಮ್ ಕೊಡೋ ಸಣ್ಣ ಹೋಟ್ಲು. ಸೀಸನ್‌ನಲ್ಲಿ ಒಂದು ರಾತ್ರಿಗೆ 400 ಡಾಲರ್ ಸಲೀಸಾಗಿ ದಾಟುತ್ತೆ, ಅವ್ವಂಗೆ ಆ ರೇಟ್ ಹೇಳ್ಲಿಲ್ಲ, ಹೇಳಿದ್ರೆ ಕಾರಿಂದಾನೇ ಇಳೀತಿರ್ಲಿಲ್ಲ.

ಮನೆ ಕಟ್ಟಿದ್ದು 1763ರಲ್ಲಿ. ಜಾನ್ ರಟ್ಲೆಜ್ ಅನ್ನೋ ಯುವ ವಕೀಲ, ಮದುವೆ ಆದ ವರ್ಷ ಹೆಂಡ್ತಿಗೋಸ್ಕರ ಕಟ್ಟಿಸಿದ್ದು. ಮುಂದೆ ಇವನು ರಾಜ್ಯದ ಗವರ್ನರ್ ಆದ, 1787ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದ. ಅವನ ತಮ್ಮ ಎಡ್ವರ್ಡ್ ರಟ್ಲೆಜ್ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದೋರಲ್ಲೆಲ್ಲ ಚಿಕ್ಕವನು, ಆಗ ವಯಸ್ಸು 26. ತಮಾಷೆ ಏನಂದ್ರೆ ತಮ್ಮನ ಮನೆ ಎದುರುಗಡೆಯೇ, 117ನೇ ನಂಬರ್, ಈಗ ಅದೂ ಒಂದು ಇನ್ನೇ. ಅಣ್ಣ ತಮ್ಮಂದಿರು ಎರಡು ಮನೇಲಿ ಕೂತು ದೇಶ ಮಾಡಿದ್ರು, ಈಗ ಎರಡು ಮನೆಯೋರೂ ರೂಮ್ ಬಾಡಿಗೆಗೆ ಕೊಡ್ತಾರೆ.

ಒಳಗೆ ಹೋದ್ರೆ ನಿಜವಾಗ್ಲೂ ಕಣ್ಣು ತುಂಬುತ್ತೆ, ಸುಳ್ಳು ಹೇಳಲ್ಲ. ಎತ್ತರದ ಸೀಲಿಂಗು, ಬೇರೆ ಬೇರೆ ಬಣ್ಣದ ಮರದ ತುಂಡು ಕೂಡ್ಸಿ ಮಾಡಿರೋ ನೆಲ, ಇಟಲಿಯ ಅಮೃತಶಿಲೆಯ ಫೈರ್‌ಪ್ಲೇಸು. ಮುಂಭಾಗದ ಕಬ್ಬಿಣದ ಕಸೂತಿ ಕೆಲಸ 1853ರದ್ದು, ಕ್ರಿಸ್ಟೋಫರ್ ವರ್ನರ್ ಅನ್ನೋ ಜರ್ಮನಿಯಿಂದ ಬಂದ ಕಮ್ಮಾರಂದು, ಪಾಲ್ಮೆಟೊ ಅನ್ನೋ ಇಲ್ಲಿನ ತಾಳೆ ಜಾತಿ ಮರ, ಹದ್ದು ಎಲ್ಲಾ ಬಿಡಿಸಿದ್ದಾರೆ. 1791ರಲ್ಲಿ ಪ್ರೆಸಿಡೆಂಟ್ ಜಾರ್ಜ್ ವಾಷಿಂಗ್ಟನ್ ದಕ್ಷಿಣದ ಟೂರ್ ಬಂದಾಗ ಇಲ್ಲಿ ಬೆಳಗಿನ ತಿಂಡಿ ತಿಂದಿದ್ದ, ರಟ್ಲೆಜ್ ಕೋರ್ಟ್ ಕೆಲಸಕ್ಕೆ ಊರೂರು ಸುತ್ತೋಕೆ ಹೋಗಿದ್ದ, ಮನೆಯಲ್ಲಿದ್ದ ಹೆಂಡ್ತಿಯೇ ಉಪಚಾರ ಮಾಡಿದ್ದು. ಇದು ವಾಷಿಂಗ್ಟನ್ ಡೈರಿಯಲ್ಲೇ ಇದೆ. ಅವ್ವ ಇದನ್ನ ಕೇಳಿ "ಅಡುಗೆ ಮಾಡ್ದೋರು ಯಾರ್ಲಾ? ಆವಮ್ಮನೇನಾ?" ಅಂದ್ಲು.

ಅಲ್ಲಿಂದ ಶುರುವಾಯ್ತು. ಯಾಕಂದ್ರೆ ಆವಮ್ಮ ಮಾಡಿರೋಕೆ ಸಾಧ್ಯ ಇರ್ಲಿಲ್ಲ. ಆ ಕಾಲದ ಚಾರ್ಲ್ಸ್‌ಟನ್‌ನ ದೊಡ್ಡ ಮನೆಗಳಲ್ಲಿ ಒಲೆ ಮುಂದೆ ಇದ್ದೋರು ಗುಲಾಮರು. ಮನೆ ಯಜಮಾನ ರಟ್ಲೆಜ್ ಸಂವಿಧಾನದ ಮೊದಲ ಕರಡು ಬರೆದ ಐದು ಜನರ ಕಮಿಟಿಗೆ ಅಧ್ಯಕ್ಷ. ಗುಲಾಮರ ಆಮದು ನಿಲ್ಲಿಸ್ಬೇಕಾ ಅನ್ನೋ ಚರ್ಚೆ ಬಂದಾಗ ಅವನು ಎದ್ದು ನಿಂತು ಹೇಳಿದ್ದು ಏನಂದ್ರೆ, ಈ ವಿಷಯಕ್ಕೂ ಧರ್ಮ, ಮನುಷ್ಯತ್ವಕ್ಕೂ ಸಂಬಂಧ ಇಲ್ಲ, ದೇಶಗಳು ನಡೆಯೋದು ಲಾಭ ನೋಡ್ಕೊಂಡೇ ಅಂತ. ಕೊನೆಗೆ 1808ರವರೆಗೆ ಆಮದು ನಿಲ್ಲಿಸೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಸೇರ್ಕೊಳ್ತು. ನಮ್ಮ ಕರಡು ಸಮಿತಿಯ ಕುರ್ಚಿಯಲ್ಲಿ ಕೂತಿದ್ದೋರು ಅಂಬೇಡ್ಕರ್, ಇದನ್ನ ಓದಿದಾಗ ಅದೊಂದು ನೆನಪಾಗಿ ಮೈ ಜುಂ ಅಂತು.

ಇನ್ನೂ ಒಂದು ಕಥೆ ಇದೆ ರಟ್ಲೆಜ್‌ದು. 1795ರಲ್ಲಿ ವಾಷಿಂಗ್ಟನ್ ಇವನನ್ನ ಸುಪ್ರೀಂ ಕೋರ್ಟ್‌ನ ಚೀಫ್ ಜಸ್ಟಿಸ್ ಮಾಡಿದ, ಆದ್ರೆ ಬ್ರಿಟನ್ ಜೊತೆಗಿನ ಜೇ ಒಪ್ಪಂದದ ವಿರುದ್ಧ ಊರಲ್ಲಿ ಜೋರಾಗಿ ಭಾಷಣ ಮಾಡಿದ್ದ ಅಂತ ಸೆನೆಟ್ ಒಪ್ಪಲಿಲ್ಲ, ಕೆಲ್ಸ ಹೋಯ್ತು. ಮನಸ್ಸು ಮೊದಲೇ ಸರಿ ಇರ್ಲಿಲ್ಲ, ಆ ಡಿಸೆಂಬರ್‌ನಲ್ಲಿ ಇದೇ ಊರಲ್ಲಿ ನೀರಿಗೆ ಹಾರಿದ. ಎಳೆದು ದಡಕ್ಕೆ ಹಾಕಿದ್ದು ಇಬ್ಬರು ಗುಲಾಮರು ಅಂತ ಹೇಳ್ತಾರೆ. ಇವನ ಹೆಸರಲ್ಲಿ ಇನ್ ಇದೆ, ಅವರಿಬ್ಬರ ಹೆಸರು ಎಲ್ಲೂ ಸಿಗಲಿಲ್ಲ ನನಗೆ.

ನಾನು ಮಂಡ್ಯ ಕಡೆ ಗದ್ದೆಯೋನ ಮಗ, ಹಾಗಾಗಿ ಈ ಊರಿನ ದುಡ್ಡು ಎಲ್ಲಿಂದ ಬಂತು ಅನ್ನೋದೇ ನನಗೆ ಎಲ್ಲಕ್ಕಿಂತ ಇಂಟರೆಸ್ಟಿಂಗ್. ಭತ್ತದಿಂದ ಕಣ್ರೀ! ಕೆರೊಲಿನಾ ಗೋಲ್ಡ್ ಅನ್ನೋ ತಳಿ, ಹೊಟ್ಟು ಬಂಗಾರದ ಬಣ್ಣ ಇರುತ್ತೆ, ಅದಕ್ಕೆ ಆ ಹೆಸರು. ಸಮುದ್ರ ಉಬ್ಬಿದಾಗ ನದಿಯ ಸಿಹಿನೀರು ಹಿಂದಕ್ಕೆ ತಳ್ಳಿಸ್ಕೊಂಡು ಮೇಲೇರುತ್ತಲ್ಲ, ಆಗ ತೂಬು ತೆಗೆದು ಗದ್ದೆಗೆ ನೀರು ಬಿಟ್ಕೊಳ್ಳೋದು, ಇಳಿತದಲ್ಲಿ ಇನ್ನೊಂದು ಕಡೆ ಬಾಗಿಲು ತೆಗೆದು ನೀರು ಬಸಿಯೋದು. ಪಂಪಿಲ್ಲ, ಏತ ಇಲ್ಲ. ಸ್ವಲ್ಪ ಲೆಕ್ಕ ತಪ್ಪಿದ್ರೆ ಉಪ್ಪುನೀರು ನುಗ್ಗಿ ಪೈರೆಲ್ಲ ಹಾಳು. ಅದಕ್ಕೆ ಮೈಲುಗಟ್ಟಲೆ ಜೌಗು ಕಾಡು ಕಡಿದು, ಕೆಸರಲ್ಲಿ ನಿಂತು ಬದು ಹಾಕಿದ್ದು ಆಫ್ರಿಕಾದಿಂದ ಹಿಡ್ಕೊಂಡು ತಂದ ಜನ. ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯೋ ಕರಾವಳಿಯೋರು, ಈ ಕೆಲಸ ಗೊತ್ತಿದ್ದೋರು. ಯಜಮಾನರು ಮಲೇರಿಯಾಕ್ಕೆ ಹೆದರಿ ಬೇಸಿಗೆ ಪೂರ್ತಿ ಗದ್ದೆ ಕಡೆ ತಲೆ ಹಾಕ್ತಿರ್ಲಿಲ್ಲ, ಪೇಟೇಲಿ ಗಾಳಿ ಬರೋ ಮನೆ ಕಟ್ಕೊಂಡು ಇರ್ತಿದ್ರು. ನಾವು ಈಗ ಫೋಟೋ ಹೊಡ್ಕೊಳ್ಳೋ ಪಿಯಾಝಾ ಮನೆಗಳಲ್ಲಿ ಎಷ್ಟೋ ಹಾಗೆ ಎದ್ದಿರೋವು.

ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಅಂತ 2023ರಲ್ಲಿ ತೆಗೆದಿದ್ದಾರೆ, ಗ್ಯಾಡ್ಸ್‌ಡೆನ್ಸ್ ವಾರ್ಫ್ ಅನ್ನೋ ಜಾಗದಲ್ಲಿ, ಅಂದ್ರೆ ಹಡಗಿಂದ ಜನರನ್ನ ಇಳಿಸ್ತಿದ್ದ ಅದೇ ದಕ್ಕೆ. ಆ ನೆಲದ ಮೇಲೆ ಕಟ್ಟಡ ಕೂರಿಸ್ಬಾರ್ದು ಅಂತ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಇಲ್ಲಿ ಅವ್ವ ಒಂದು ಹಳೇ ಫೋಟೋ ಮುಂದೆ ನಿಂತವಳು ಅಲ್ಲಾಡ್ಲಿಲ್ಲ. ಇಬ್ಬರು ಹೆಂಗಸ್ರು ಎದುರುಬದುರು ನಿಂತು ಮರದ ಒರಳಲ್ಲಿ ಭತ್ತ ಕುಟ್ತಿದ್ದಾರೆ. "ಇದೇನ್ಲಾ, ನಮ್ಮತ್ತೆಯೋರು ಕುಟ್ತಿದ್ದಂಗೇ ಕುಟ್ತಾವ್ರೆ" ಅಂದ್ಲು. ಒನಕೆಗೆ ಎರಡು ಕಡೆ ತಲೆ ಇದೆ, ಅದೊಂದೇ ವ್ಯತ್ಯಾಸ.

ಮಾರನೇ ದಿನ ಸಿಟಿ ಮಾರ್ಕೆಟ್. ಅಲ್ಲಿ ಗಲ್ಲಾ ಸಮುದಾಯದ ಹೆಂಗಸ್ರು, ಅದೇ ಗುಲಾಮರ ವಂಶದೋರು, ಸ್ವೀಟ್‌ಗ್ರಾಸ್ ಅನ್ನೋ ಹುಲ್ಲು ಸುತ್ತಿ ಬುಟ್ಟಿ ಹೆಣೀತಾ ಕೂತಿರ್ತಾರೆ. ಒಂದು ಅಗಲದ ಚಪ್ಪಟೆ ಬುಟ್ಟಿ ಇತ್ತು, ಅಕ್ಕಿ ಕೇರೋಕೆ ಬಳಸ್ತಿದ್ದ ಮಾದರಿ. ಅವ್ವ ಕೇಳ್ದೇನೇ ಎತ್ಕೊಂಡು ಗಾಳಿಯಲ್ಲೇ ಎರಡು ಸಲ ಕೇರಿದ್ಲು, ಕೊನೇಲಿ ಮಣಿಕಟ್ಟು ಕೊಡವಿ ಕಲ್ಲು ಬೇರೆ ಮಾಡ್ತಾರಲ್ಲ, ಹಾಗೆ. ಮಾರೋ ಅಜ್ಜಿ ಜೋರಾಗಿ ನಕ್ಕು ತಾನೂ ಒಂದು ತಗೊಂಡು ಕೇರಿ ತೋರಿಸಿದ್ಲು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಹತ್ತು ನಿಮಿಷ ಮಾತಾಡಿದ್ರು. ಆ ದೊಡ್ಡ ಬುಟ್ಟಿಗೆ ನೂರಾರು ಡಾಲರ್, ಕೆಲಸ ನೋಡಿದ್ರೆ ಜಾಸ್ತಿ ಅಲ್ಲ, ನಾವು ಚಿಕ್ಕದೊಂದು ತಗೊಂಡ್ವಿ. ಅವ್ವ ಚೌಕಾಸಿ ಮಾಡೋಕೆ ಹೋದ್ಲು, ನಾನು ಬೇಡ ಅಂದೆ.

ಊಟದ ವಿಷಯ ಹೇಳ್ಬೇಕು. ಶೀ-ಕ್ರ್ಯಾಬ್ ಸೂಪ್ ಈ ಊರಿನ ಹೆಮ್ಮೆ, ಅದು ಹುಟ್ಟಿದ್ದು ನಾವು ಉಳಿದಿದ್ದ ಮನೇಲೇ ಅಂತ ಕಥೆ. 20ನೇ ಶತಮಾನದ ಶುರುವಲ್ಲಿ ಈ ಮನೆ ಮೇಯರ್ ಗುಡ್ವಿನ್ ರೆಟ್ ಅವರದ್ದಾಗಿತ್ತು, ಪ್ರೆಸಿಡೆಂಟ್ ಟ್ಯಾಫ್ಟ್ ಊಟಕ್ಕೆ ಬಂದಾಗ ಏನಾದ್ರೂ ಸ್ಪೆಷಲ್ ಮಾಡು ಅಂದಿದ್ದಕ್ಕೆ ಅಡುಗೆಯವನು ವಿಲಿಯಂ ಡೀಸ್ ಸಾದಾ ಏಡಿ ಸೂಪಿಗೆ ಹೆಣ್ಣು ಏಡಿಯ ಮೊಟ್ಟೆ ಹಾಕಿದನಂತೆ. ಅಂತೂ ಒಬ್ಬ ಅಡುಗೆಯವನ ಹೆಸರು ಉಳಿದಿದೆ. ಕೆನೆ, ಶೆರ್ರಿ ಅನ್ನೋ ವೈನು ಎಲ್ಲ ಹಾಕಿ ಗಟ್ಟಿಯಾಗಿರುತ್ತೆ, ನನಗೆ ಹಿಡಿಸ್ತು, ಅವ್ವ ಎರಡು ಸ್ಪೂನ್ ತಿಂದು "ಏಡಿಗೆ ಹಾಲು ಹಾಕವ್ರೆ, ಖಾರನೇ ಇಲ್ಲ ಕಣವ್ವ" ಅಂತ ಸೊಸೆ ಕಡೆ ತಳ್ಳಿದ್ಲು. ಗ್ರಿಟ್ಸ್ ಮಾತ್ರ ಅವಳಿಗೆ ಸರಿಹೋಯ್ತು, ಮೆಕ್ಕೆಜೋಳದ ನುಚ್ಚಿನ ಗಂಜಿ ಅದು.

ಹೋಗೋರಿಗೆ ನನ್ನ ಒಂದೇ ಮಾತು, ಇನ್ನಲ್ಲಿ ಉಳೀರಿ, ಮಂಚ ಹಾಸಿಗೆ ಎಲ್ಲ ಸೂಪರ್ ಆಗಿದೆ, ಆದ್ರೆ ಎಲಿಜಬೆತ್ ಸ್ಟ್ರೀಟ್‌ನಲ್ಲಿರೋ ಏಕೆನ್-ರೆಟ್ ಮನೆಯನ್ನೂ ನೋಡಿ. ಅದನ್ನ ರಿಪೇರಿ ಮಾಡಿ ಹೊಸದು ಮಾಡಿಲ್ಲ, ಕಿತ್ತೋಗಿರೋ ಬಣ್ಣ ಹಾಗೇ ಬಿಟ್ಟಿದ್ದಾರೆ. ಹಿತ್ತಲಲ್ಲಿ ಗುಲಾಮರ ಅಡುಗೆಮನೆ, ಮಹಡಿ ಮೇಲೆ ಅವರು ಮಲಗ್ತಿದ್ದ ಕೋಣೆಗಳು ಇವೆ. ಚಾಮರ್ಸ್ ಸ್ಟ್ರೀಟ್‌ನ ಓಲ್ಡ್ ಸ್ಲೇವ್ ಮಾರ್ಟ್‌ಗೆ, ಅಂದ್ರೆ ಗುಲಾಮರನ್ನ ಮಾರ್ತಿದ್ದ ಕಟ್ಟಡಕ್ಕೆ, ನಮ್ಮ ಇನ್‌ನಿಂದ ನಡ್ಕೊಂಡೇ ಹೋಗ್ಬಹುದು, 1856ರಲ್ಲಿ ಬೀದಿಯಲ್ಲಿ ಜನರನ್ನ ಹರಾಜು ಹಾಕೋದನ್ನ ಊರಿನೋರು ನಿಷೇಧ ಮಾಡಿದ್ರು, ಮಾರಾಟನ ಅಲ್ಲ, ಬೀದಿಯಲ್ಲಿ ಮಾರೋದನ್ನ, ಆಮೇಲೆ ಹರಾಜೆಲ್ಲ ಇಂಥಾ ಗೋಡೆಗಳ ಒಳಗೆ ಸೇರ್ಕೊಳ್ತು. ಅಲ್ಲಿ ಕಲ್ಲು ಹಾಸಿನ ರಸ್ತೆ, ವಯಸ್ಸಾದೋರಿಗೆ ಒಳ್ಳೇ ಶೂ ಹಾಕ್ಸಿ. ಆಗಸ್ಟ್ ಬಿಡಿ, ಸೆಖೆ ಮಂಗಳೂರನ್ನೇ ಮೀರ್ಸುತ್ತೆ, ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಕಾಟ, ಮಾರ್ಚ್-ಏಪ್ರಿಲ್ ಚೆನ್ನ ಆದ್ರೆ ರೇಟ್ ಏರಿರುತ್ತೆ, ಜನವರಿ-ಫೆಬ್ರವರಿಯಲ್ಲಿ ಸ್ವಲ್ಪ ಇಳಿಯುತ್ತೆ. ಕೆರೊಲಿನಾ ಗೋಲ್ಡ್ ಅಕ್ಕಿ ನಡುವೆ ಪೂರ್ತಿ ನಿಂತೇ ಹೋಗಿತ್ತು, 1980ರ ದಶಕದಲ್ಲಿ ಮತ್ತೆ ಬೆಳೆಯೋಕೆ ಶುರು ಮಾಡಿದ್ರು, ಈಗ ಅಂಗಡೀಲಿ ಸಣ್ಣ ಬಟ್ಟೆ ಚೀಲದಲ್ಲಿ ಸಿಗುತ್ತೆ. ತಂದು ಮನೇಲಿ ಬಸ್ಸಾರಿಗೆ ಅನ್ನ ಮಾಡಿದ್ವಿ, ಅವ್ವಂಗೆ ಇಷ್ಟ ಆಯ್ತು, ಆಮೇಲೆ ಚೀಲದ ಮೇಲೆ ರೇಟು ಎಷ್ಟು ಬರ್ದವ್ರೆ ಓದ್ಲಾ ಅಂದ್ಲು, ಈ ಸಲ ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ.