ಗಿರಣಿ ಪಕ್ಕದ ಅಂಗನವಾಡಿ

ಸ್ಕಾಟ್ಲೆಂಡ್‌ನ ಗ್ಲಾಸ್ಗೋದಿಂದ ಲ್ಯಾನಾರ್ಕ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ನ್ಯೂ ಲ್ಯಾನಾರ್ಕ್‌ಗೆ ಇಳಿಜಾರಿನ ದಾರಿ. ಅಮ್ಮನಿಗೆ ಮಂಡಿ ನೋವು, ಅದಕ್ಕೆ ನಿಧಾನಕ್ಕೆ ಇಳಿದೆವು. ಮೊದಲು ಕ್ಲೈಡ್ ನದಿಯ ಸದ್ದು ಕೇಳಿಸಿತು. ಆಮೇಲೆ ಸಾಲು ಸಾಲು ಕಲ್ಲಿನ ಕಟ್ಟಡ ಕಂಡವು.

"ನಮ್ಮ ದಾವಣಗೆರೆ ಕಾಟನ್ ಮಿಲ್ ನೆನಪಾಗುತ್ತೆ ಕಣೋ" ಎಂದಳು ಅಮ್ಮ.

ಇದೂ ಹತ್ತಿ ಗಿರಣಿಯೇ. 1786ರಲ್ಲಿ ಡೇವಿಡ್ ಡೇಲ್ ಎಂಬುವನು ಇಲ್ಲಿ ನೂಲು ತೆಗೆಯಲು ಶುರು ಮಾಡಿದ. ನದಿ ನೀರಿನ ರಭಸಕ್ಕೆ ಯಂತ್ರ ತಿರುಗುತ್ತಿತ್ತು. ಎಡಿನ್‌ಬರೋ, ಗ್ಲಾಸ್ಗೋ ಕಡೆಯ ನೂರಾರು ಅನಾಥ ಮಕ್ಕಳನ್ನು ಕೆಲಸಕ್ಕೆ ತಂದಿಟ್ಟುಕೊಂಡಿದ್ದರು. ಬೆಳಗ್ಗೆ 6ರಿಂದ ಸಂಜೆ 7ರವರೆಗೆ ದುಡಿತ. ಪಾಠ ಏನಿದ್ದರೂ ಅದಾದ ಮೇಲೆ. ತೂಕಡಿಸುವ ಕೂಸಿನ ತಲೆಗೆ ಅಕ್ಷರ ಹತ್ತುತ್ತಾ?

1800ರಲ್ಲಿ ಡೇಲ್‌ನ ಅಳಿಯ ರಾಬರ್ಟ್ ಓವನ್ ಗಿರಣಿ ವಹಿಸಿಕೊಂಡ. 10 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸುವುದನ್ನು ನಿಲ್ಲಿಸಿದ. 1816ರ ಜನವರಿ 1ರಂದು ಶಾಲೆ ತೆರೆದ. ಆಗಷ್ಟೇ ನಡೆಯಲು ಕಲಿತ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಆ ಪುಟಾಣಿಗಳನ್ನು ನೋಡಿಕೊಳ್ಳಲು ಅವನು ಆರಿಸಿದ್ದು ಇಬ್ಬರನ್ನು. ಜೇಮ್ಸ್ ಬುಕಾನನ್ ಎಂಬ ನೇಕಾರ, ಮಾಲಿ ಯಂಗ್ ಎಂಬ 17ರ ಹುಡುಗಿ. ಬುಕಾನನ್‌ಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಮಕ್ಕಳೆಂದರೆ ಪ್ರಾಣ, ತಾಳ್ಮೆಯೂ ಜಾಸ್ತಿ. ಇಬ್ಬರಿಗೂ ಓವನ್ ಹೇಳಿದ್ದು ಇಷ್ಟೇ: ಮಕ್ಕಳಿಗೆ ಹೊಡೆಯಬೇಡಿ, ಗದರಬೇಡಿ, ಪ್ರೀತಿಯಿಂದ ಮಾತಾಡಿಸಿ.

ಶಾಲೆಯ ಕಟ್ಟಡದಲ್ಲಿ ಆ ಕಾಲದ ತರಗತಿಯ ಹಾಗೆ ಒಂದು ಕೋಣೆ ಮಾಡಿಟ್ಟಿದ್ದಾರೆ. ಅಮ್ಮ ಅಲ್ಲಿಂದ ಕದಲಲೇ ಇಲ್ಲ. 30 ವರ್ಷ ಅಂಗನವಾಡಿ ನಡೆಸಿದ ಜೀವ ಅದು.

"ಹೊಡೀಬೇಡಿ ಅಂತ ಆಗಲೇ ಹೇಳಿದ್ನಾ ಪುಣ್ಯಾತ್ಮ!"

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಈ ಶಾಲೆಯಿಂದ ಗಿರಣಿಗೂ ಲಾಭವಿತ್ತು. ಮಕ್ಕಳು ಇಲ್ಲಿದ್ದರೆ ತಾಯಂದಿರು ನಿಶ್ಚಿಂತೆಯಿಂದ ಕೆಲಸಕ್ಕೆ ಬರಬಹುದಿತ್ತು. 10 ತುಂಬಿದ ಮೇಲೆ ಎಷ್ಟೋ ಮಕ್ಕಳೂ ಅದೇ ಗಿರಣಿಗೆ ಹೋಗುತ್ತಿದ್ದರು. ಹಾಗಾದರೆ ಶಾಲೆ ಯಾರಿಗಾಗಿ? ಅಮ್ಮನನ್ನೇ ಕೇಳಿದೆ.

"ನಮ್ಮ ಅಂಗನವಾಡಿಗೂ ಕೂಲಿಗೆ ಹೋಗೋರೇ ಮಕ್ಕಳನ್ನ ಬಿಟ್ಟು ಹೋಗ್ತಿದ್ರು. ಅದರಲ್ಲಿ ತಪ್ಪೇನು? ಒಳಗೆ ಬಂದ ಮೇಲೆ ಆ ಹೊತ್ತು ಮಗುವಿನದು. ಅದನ್ನ ನಾವು ಹಾಳು ಮಾಡಬಾರದು ಅಷ್ಟೇ."

ಇಲ್ಲಿ ಹಾಡು, ಕುಣಿತ ಎಲ್ಲವೂ ಪಾಠವೇ ಆಗಿದ್ದವು. ದೂರದ ಊರುಗಳಿಂದ ಜನ ನೋಡಲು ಬರುತ್ತಿದ್ದರು. ಆದರೆ ಗಿರಣಿಯಲ್ಲಿ ಓವನ್‌ನ ಪಾಲುದಾರರಾಗಿದ್ದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಅಲೆನ್ ಮುಂತಾದವರಿಗೆ ಈ ಹಾಡು, ಕುಣಿತ ಹಿಡಿಸಲಿಲ್ಲ. ಅವರಿಗೆ ಬೈಬಲ್ ಪಾಠ ಮುಖ್ಯ. 1824ರಲ್ಲಿ ಕಂಪನಿ ಖರ್ಚಿನಲ್ಲಿ ನಡೆಯುತ್ತಿದ್ದ ಕುಣಿತದ ಪಾಠ ನಿಂತಿತು. ಮರುವರ್ಷ ಓವನ್ ಅಮೆರಿಕದಲ್ಲಿದ್ದ.

ವಾಪಸ್ ಏರು ಹತ್ತುವಾಗ ಅಮ್ಮನಿಗೆ ಇದನ್ನು ಹೇಳಿದೆ. ಕೋಲೂರಿ ನಿಂತಳು.

"ಕುಣಿತ ತೆಗೆದುಬಿಟ್ಟರೆ ಆ ವಯಸ್ಸಿನ ಮಕ್ಕಳಿಗೆ ಇನ್ನೇನು ಹೇಳಿಕೊಡ್ತಾರೋ?"