ಕೊಡದ ಬಾಯಿ

ಭಾನುವಾರ, 14 ಜುಲೈ 2024, ಮೈಸೂರು

ಬೆಳಗಿನಿಂದ ಜಿಟಿಜಿಟಿ ಮಳೆ. ಒಗೆದ ಬಟ್ಟೆ ಹಾಗೇ ಇದೆ. ಅದಿರಲಿ, ಇವತ್ತು ಅಪ್ಪ ಮಾತಾಡಿದರು. ಅಮ್ಮ ಹೋದ ಮೇಲೆ ಅವರು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನಾನು ಕಂಡಿಲ್ಲ.

ಎಂಟೂವರೆಗೆ ಪುಟ್ಟ ಮೊಂಟಾನಾದಿಂದ ವಿಡಿಯೊ ಕಾಲ್ ಮಾಡಿದ. ಅಲ್ಲಿ ಶನಿವಾರ ರಾತ್ರಿ. ನಮ್ಮಲ್ಲಿ ಮಳೆಗಾಲ ಕಳೆಯೋ ಹೊತ್ತಿಗೆ ಅಲ್ಲಿ ಶುರುವಾಗುವ ಜಿಂಕೆ ಬೇಟೆಗೆ ಈಗಲೇ ರೈಫಲ್ ಸಿದ್ಧ ಮಾಡಿಕೊಳ್ತಿದ್ದಾನೆ. ಬೇಟೆ ನನಗೆ ಹಿಡಿಸುವುದಿಲ್ಲ, ಅವನಿಗೂ ಹೇಳಿದ್ದೇನೆ. ಆದರೆ ಅವನ ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಖಾಲಿ ಕೇಸುಗಳು, ಅಂದರೆ ಮದ್ದು ತುಂಬುವ ಕಾಡತೂಸಿನ ಕೊಳವೆಗಳು, ದೀಪದ ಕೆಳಗೆ ಥೇಟ್ ನಮ್ಮ ಹಳೇ ಅಂಗಡಿಯ ಪಂಚಪಾತ್ರೆಗಳ ಹಾಗೆ ಹೊಳೀತಿದ್ದವು. "ತಾತಂಗೆ ತೋರಿಸಿ ಅತ್ತೆ, ಎಲ್ಲಾ ಹಿತ್ತಾಳೆ. ನೂರಕ್ಕೆ 70 ತಾಮ್ರ, 30 ಸತು" ಅಂದ.

ಅಪ್ಪನ ಮುಂದೆ ಫೋನ್ ಹಿಡಿದೆ. ಪುಟ್ಟ ಎರಡು ಕೇಸು ಎತ್ತಿ ತೋರಿಸಿದ. ಒಂದು .280 ರೆಮಿಂಗ್ಟನ್ ಅನ್ನುವ ಕಾಡತೂಸಿನದು, 1957ರ ಮಾದರಿ. ಕಂಠದ ಕೆಳಗೆ ಹೆಗಲು ಜಾರಿದ ಹಾಗಿದೆ, 17.5 ಡಿಗ್ರಿ. ಇನ್ನೊಂದು ಅದೇ ಕೇಸು, ಆದರೆ ಮೈ ನೆಟ್ಟಗೆ, ಹೆಗಲು ಎದ್ದು ಕೂತಿದೆ, 40 ಡಿಗ್ರಿ. ಪಿ. ಓ. ಆಕ್ಲಿ ಅನ್ನುವ ಅಮೆರಿಕದ ಬಂದೂಕು ಕೆಲಸಗಾರ ಹುಡುಕಿದ ಆಕಾರವಂತೆ, ಮದ್ದು ಹಿಡಿಸಲು ಒಳಗೆ ಇನ್ನಷ್ಟು ಜಾಗ ಸಿಗಲಿ ಅಂತ. "ಇದಕ್ಕೆ ಸುತ್ತಿಗೆ ಬೇಡ ತಾತ. ಹೊಸ ಅಳತೆಗೆ ಕೊರೆಸಿದ ಚೇಂಬರಿನಲ್ಲಿ, ಅಂದ್ರೆ ನಳಿಗೇಲಿ ಕಾಡತೂಸು ಕೂರೋ ಗೂಡಲ್ಲಿ, ಹಳೇ ಆಕಾರದ ಕಾಡತೂಸನ್ನೇ ಇಟ್ಟು ಹಾರಿಸೋದು. ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟುತ್ತೆ, ಆಮೇಲೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತೆ. ಆಚೆ ತೆಗೆದಾಗ ಹೊಸ ಆಕಾರ. ಫೈರ್‌ಫಾರ್ಮಿಂಗ್ ಅಂತಾರೆ."

ಅಪ್ಪ ಸುಮ್ಮನಿದ್ದರು. ಕೇಳಿಸಿತೋ ಇಲ್ಲವೋ ಅಂದುಕೊಂಡೆ. ಆಗ ಪುಟ್ಟ ಮೂರನೆಯದನ್ನು ಎತ್ತಿದ. ಬಾಯಿಂದ ಹೆಗಲಿನವರೆಗೆ ಸಣ್ಣ ಸೀಳು. 20ರಲ್ಲಿ 3 ಹೀಗೆ ಹೋಯ್ತು ಅಂದ. ಅಪ್ಪ ನನ್ನ ಕೈಯಿಂದ ಫೋನ್ ತಗೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಕಾಯ್ಸಿಲ್ಲ ಅದುನ್ನ."

ಪುಟ್ಟ ಬಾಯಿ ಬಿಟ್ಟುಕೊಂಡು ನೋಡಿದ. ಆ ಮೂರೂ ಹಳೇ ಕೇಸುಗಳಂತೆ, ಎಷ್ಟೋ ಸಲ ಹಾರಿಸಿದ್ದು.

"ನೀನು ಬಡೀದಿದ್ರೂ ಬೆಂಕಿ ಬಡೀತಲ್ಲ ಕಣ್ಲಾ. ಬಡ್ದಂಗೆಲ್ಲ ಹಿತ್ತಾಳೆ ಪೆಡಸಾಯ್ತದೆ. ಪೆಡಸಾದ್ದ ಮತ್ತೆ ಹಿಗ್ಸುದ್ರೆ ಸೀಳ್ದೆ ಇನ್ನೇನಾದದು? ಕಂಠ ಕಾಯ್ಸು, ಮೆತ್ಗಾಯ್ತದೆ."

ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗಲ್ವಾ ಅಪ್ಪ, ಅಂತ ಕೇಳಿದೆ. "ಅದು ಉಕ್ಕು. ಹಿತ್ತಾಳೆ ನೀರ್ಗಾಕುದ್ರೂ ಮೆತ್ಗೇ ಇರ್ತದೆ." ನಾಗಮಂಗಲದ ಕಂಚುಗಾರರ ಮನೆಯಲ್ಲಿ ಹುಟ್ಟಿದ ನನಗೆ ಇದು ಈ ವಯಸ್ಸಿನಲ್ಲಿ ಗೊತ್ತಾಗಬೇಕೇ? ಕುಲುಮೆ ಹತ್ತಿರ ಹೆಣ್ಣುಮಕ್ಕಳನ್ನು ಬಿಟ್ಟುಕೊಂಡಿದ್ದರಲ್ಲವೇ ಗೊತ್ತಾಗೋದು. ಕೇಸಿನ ತಳ ಮಾತ್ರ ಮೆತ್ತಗಾಗಬಾರದು, ಒತ್ತಡ ತಡೆಯೋದೇ ಅದು, ಅದಕ್ಕೇ ತಳವನ್ನು ನೀರಲ್ಲಿ ನಿಲ್ಲಿಸಿ ಕಂಠ ಕಾಯಿಸ್ತಾರೆ ಅಂತ ಪುಟ್ಟ ಹೇಳಿದ. ಅಪ್ಪ ತಲೆದೂಗಿದರು. ಇಬ್ಬರು ಕಸುಬಿನವರು ಮಾತಾಡಿಕೊಂಡ ಹಾಗಿತ್ತು. ನನಗೆ ಕಣ್ಣು ತುಂಬಿ ಬಂತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.

ಪುಟ್ಟ ಉತ್ಸಾಹದಲ್ಲಿ ಇನ್ನೊಂದು ಹೇಳಿದ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಕಾಡತೂಸುಗಳು ಯಾರೂ ಮುಟ್ಟದೆ ತಾವಾಗಿ ಸೀಳುತ್ತಿದ್ದವಂತೆ. ಯಾಕೆ ಅಂತ ವಿವರವಾಗಿ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತೇವ. ತಣ್ಣಗಿದ್ದಾಗ ಎಳೆದು ಬಗ್ಗಿಸಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತೆ, ಅಂಥ ಕಡೆಯೇ ಅದು ಬಿರಿಯೋದು. ಹದವಾಗಿ ಕಾಯಿಸಿ ಆ ಬಿಗಿತ ಬಿಡಿಸಿದ್ದರೆ ಬಿರಿಯಲ್ಲ.

ಅಪ್ಪನ ಮುಖ ಒಂದು ಥರ ಆಯ್ತು. "ಕೊಟ್ಟಿಗೇಲೂ ಆಯ್ತದಾ?" ಅಂದರು.

"ಗಂಜಲ ಇದ್ದ ಕಡೆ ಆಗುತ್ತೆ ತಾತ."

ಫೋನ್ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಕೂತರು.

ಆ ಕೊಡದ ಕತೆ ನಮ್ಮವರಿಗೆಲ್ಲ ಗೊತ್ತು. ಅಮ್ಮ ಮದುವೆಯಾಗಿ ಬಂದ ವರ್ಷ, ಕೊಟ್ಟಿಗೆಯಲ್ಲಿಟ್ಟ ಹೊಸ ಹಿತ್ತಾಳೆ ಕೊಡ ಬಾಯಿ ಹತ್ತಿರ ಬಿರಿದಿತ್ತು. ಬೀಳಿಸಿ ಬಚ್ಚಿಟ್ಟಳು ಅಂತ ಅಜ್ಜಿ ಹಟ ಹಿಡಿದರು. ಕೊಡ ಒಡೆದ ಸೊಸೆ ಅನ್ನುವ ಮಾತನ್ನು ಅತ್ತೆಯಂದಿರು ಮದುವೆ, ತಿಥಿ ಯಾವುದಕ್ಕೆ ಸೇರಿದರೂ ಎತ್ತುತ್ತಿದ್ದರು. ಅಮ್ಮ ಒಂದು ಸಲವೂ ಎದುರು ಮಾತಾಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಾವಾಗೇ ಹೇಳಿದರು: "ಬಾಯಂಚು ಮಗುಚುದ್ಮೇಲೆ ಕಾಯ್ಸ್‌ಬೇಕಾಗಿತ್ತು. ಅವತ್ತು ಸಂತೆ, ಇದ್ದಿಲು ಮುಗ್ದೋಗಿತ್ತು. ಹಂಗೇ ಉಜ್ಜಿ ಹೊಳಪು ಕೊಟ್ಟು ಮಡುಗ್ಬುಟ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಅವಳು ಬೀಳ್ಸಿರ್ನಿಲ್ಲ."

ಗೊತ್ತಿತ್ತಾ ಅಪ್ಪ ನಿಮಗೆ, ಅಂದೆ. ನನ್ನ ದನಿ ಜೋರಾಯ್ತು. ಅವರು ಅನ್ನ ಕಲಸುತ್ತಲೇ ಇದ್ದರು. ಅನುಮಾನ ಇತ್ತು ಅಂದರೋ, ಇರಲಿಲ್ಲ ಅಂದರೋ, ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಅವರ ಮಾತು ಕೇಳಿ ಹಿಗ್ಗಿದ್ದವಳಿಗೆ ಆಮೇಲೆ ಸಂಜೆವರೆಗೂ ಅವರ ಮುಖ ನೋಡಲಾಗಲಿಲ್ಲ.

ಈಗ ರಾತ್ರಿ ಹತ್ತು. ಅಪ್ಪ ಮಲಗಿದ್ದಾರೆ. ಅಟ್ಟದಿಂದ ಕೊಡ ಇಳಿಸಿಕೊಂಡೆ. ಸೀಳು ಬಾಯಂಚಿನಿಂದ ನಾಲ್ಕು ಬೆರಳು ಇಳಿದು ನಿಂತಿದೆ. ಬೆಸುಗೆ ಗಟ್ಟಿಯಾಗಿಯೇ ಇದೆ, ಸೀಳು ಅದನ್ನು ಮುಟ್ಟಿಲ್ಲ. ಎಲ್ಲೂ ತಗ್ಗಿಲ್ಲ. ಬಿದ್ದಿದ್ದರೆ ತಗ್ಗಿರಬೇಕಿತ್ತಲ್ಲ, ಅಷ್ಟು ಜನರಲ್ಲಿ ಒಬ್ಬರಾದರೂ ನೋಡಬಾರದಿತ್ತೇ?

ದೊಡ್ಡತ್ತೆ ಇನ್ನೂ ಇದ್ದಾರೆ, ನಾಗಮಂಗಲದಲ್ಲೇ. ನಾಳೆ ಫೋನ್ ಹಚ್ಚಿ ಅಪ್ಪನ ಕೈಗೇ ಕೊಡಬೇಕು, ಅವರ ಬಾಯಿಂದಲೇ ಹೇಳಿಸಬೇಕು. ಬೆಳಿಗ್ಗೆ ಎದ್ದಾಗ ಅವರಿಗೆ ಇದು ನೆನಪಿದ್ದರೆ